ಹಾಡಿಯಲ್ಲಿ ನ್ಯಾಯ ಮುಗಿದ ಮೇಲೆ ಠಾಣೆಗೆ ಹೋಗುವ ಹಕ್ಕು ಹೆಂಗಸಿಗೆ ಉಳಿಯುತ್ತದೆಯೇ?

ಪ್ರಶ್ನೆ: ಕಾಡಂಚಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾಗರಹೊಳೆಯ ಕಾಡಂಚಿನ ಒಂದು ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಜೇನುಕುರುಬರ ಹಾಡಿಗಳಿಂದ, ಅಂದರೆ ಕಾಡಿನ ಬುಡಕಟ್ಟು ಜನರ ಸಣ್ಣ ಊರುಗಳಿಂದ ಬರುತ್ತಾರೆ. ಕಳೆದ ತಿಂಗಳು ಮೂರನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬಾರದಿದ್ದಾಗ ವಿಚಾರಿಸಲೆಂದು ಹಾಡಿಗೆ ಹೋದೆ. ಅವಳ ತಾಯಿಯ ಎಡಗೈ ಮುರಿದಿತ್ತು. ಬಿದಿರಿನ ಸೀಳುಗಳನ್ನು ಎರಡೂ ಬದಿಗೆ ಇಟ್ಟು, ಹಳೆಯ ಸೀರೆಯ ತುಂಡಿನಿಂದ ಸುತ್ತಿಕೊಂಡಿದ್ದಳು. ಹೊಡೆದವನು ಗಂಡ.

ನಾನು ಹೋದ ಸಂಜೆಯೇ ಹಿರಿಯರು ನ್ಯಾಯಕ್ಕೆ ಕೂತಿದ್ದರು. ಯಜಮಾನರು, ಅವರ ಸುತ್ತ ಐದಾರು ಗಂಡಸರು, ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ. ಗಂಡ ತಪ್ಪು ಒಪ್ಪಿಕೊಂಡ, ಐನೂರ ಒಂದು ರೂಪಾಯಿ ತಪ್ಪುದಂಡ ಇಟ್ಟ, ಹಿರಿಯರ ಕಾಲಿಗೆ ಬಿದ್ದ. ಅವಳ ಪರವಾಗಿ ಮಾತನಾಡಿದವನು ಅವಳ ಸೋದರಮಾವ. ಅವಳು ಹತ್ತು ಮಾರು ದೂರದಲ್ಲಿ ಗುಡಿಸಲಿನ ಗೋಡೆಗೆ ಒರಗಿ, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕಾಲಿಗೆ ಬಿದ್ದದ್ದು ಹಿರಿಯರಿಗೆ, ದಂಡದ ಹಣ ಸೇರಿದ್ದು ದೇವರ ಹುಂಡಿಗೆ. ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ.

ಮರುದಿನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಗೆ ಪಟ್ಟಿ ಹಾಕಿಸಿ, ಅಲ್ಲಿಂದ ಠಾಣೆಗೆ ಹೋದೆವು. "ನಿಮ್ಮಲ್ಲೇ ನ್ಯಾಯ ಆಗಿದೆಯಲ್ಲ, ಮತ್ತೆ ಇಲ್ಲಿಗೇಕೆ?" ಎಂದು ಕೇಳಿದರು. ಗಂಡನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು, ನಮಗೊಂದು ಹಿಂಬರಹ ಕೊಟ್ಟು ಕಳಿಸಿದರು. ಅವಳು ತನ್ನ ನುಡಿಯಲ್ಲಿ ಅಳುತ್ತಾ ಹೇಳಿದ್ದೆಲ್ಲ ಆ ಹಿಂಬರಹದಲ್ಲಿ "ಸಂಸಾರದಲ್ಲಿ ಸಣ್ಣಪುಟ್ಟ ಮನಸ್ತಾಪ" ಎಂದಾಗಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಇನ್ನೊಂದು ವಿಷಯ ಹೇಳಿದಳು. ಎರಡು ವರ್ಷದ ಹಿಂದೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದಾಗ ಅಲ್ಲಿನ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಅವಳ ಮೈಮೇಲೆ ಕೈ ಹಾಕಿದ್ದ. ಆಗಲೂ ಹಿರಿಯರು ಕೂತು, ಅವನಿಂದ ಹತ್ತು ಸಾವಿರ ರೂಪಾಯಿ ಪಡೆದು ಪ್ರಕರಣವನ್ನು ಮುಗಿಸಿದ್ದರು. ಹಣ ಗಂಡನ ಕೈಗೆ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಹಾಡಿಯಲ್ಲಿ ಒಮ್ಮೆ ತೀರ್ಮಾನವಾದ ಮೇಲೆ ಪೊಲೀಸರು ದೂರು ತೆಗೆದುಕೊಳ್ಳಬಾರದೆಂಬ ನಿಯಮ ಎಲ್ಲಿಯಾದರೂ ಇದೆಯೇ? ಹಾಡಿಯ ಹಿರಿಯರಿಗೆ ಇಂಥ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ಕಾನೂನಿನಲ್ಲಿ ಉಂಟೇ? ನಾನು ಹೊರಗಿನವಳು, ಹಾಡಿಯ ಕಟ್ಟುಪಾಡನ್ನು ಮುರಿದವಳೆಂಬ ಹೆಸರು ಅವಳಿಗೆ ಬಂದರೆ, ನಾಳೆ ಅವಳು ಬಾಳಬೇಕಾದದ್ದು ಅಲ್ಲಿಯೇ. ಆ ಭಯ ನನಗೂ ಇದೆ.

ಉತ್ತರ 1: ಮೈಸೂರಿನ ವಕೀಲ

ಮೇಡಂ, ಮೊದಲ ಪ್ರಶ್ನೆಗೆ ನೇರವಾದ ಉತ್ತರ: ಅಂಥ ನಿಯಮ ಎಲ್ಲಿಯೂ ಇಲ್ಲ. ಹಾಡಿಯಲ್ಲಿ ದಂಡ ಕಟ್ಟಿದ ಮಾತ್ರಕ್ಕೆ ಅಪರಾಧ ತೀರಿಹೋಗುವುದಿಲ್ಲ. ಠಾಣೆಯವರು ಹೇಳಿದ್ದು ಅನುಕೂಲದ ಮಾತೇ ಹೊರತು ಕಾನೂನಿನ ಮಾತಲ್ಲ.

ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬುಡಕಟ್ಟು ಜನರ ಸಾಂಪ್ರದಾಯಿಕ ನ್ಯಾಯಕ್ಕೆ ನಮ್ಮ ಸಂವಿಧಾನ ಕೆಲವು ಕಡೆ ಮಾನ್ಯತೆ ಕೊಟ್ಟಿದೆ. ನಾಗಾಲ್ಯಾಂಡಿಗೆ 371ಎ ವಿಧಿ ಇದೆ, ಈಶಾನ್ಯದ ಕೆಲವು ಪ್ರದೇಶಗಳಿಗೆ ಆರನೇ ಅನುಸೂಚಿಯ ಗ್ರಾಮ ನ್ಯಾಯಾಲಯಗಳಿವೆ. ಐದನೇ ಅನುಸೂಚಿಯ ಹತ್ತು ರಾಜ್ಯಗಳಿಗೆ 1996ರ ಪೆಸಾ, ಅಂದರೆ ಅನುಸೂಚಿತ ಬುಡಕಟ್ಟು ಪ್ರದೇಶಗಳ ಪಂಚಾಯತ್ ಕಾಯ್ದೆ ಅನ್ವಯಿಸುತ್ತದೆ. ರೂಢಿಯಲ್ಲಿರುವ ವ್ಯಾಜ್ಯ ಪರಿಹಾರದ ಕ್ರಮವನ್ನು ಕಾಪಾಡುವ ಸಾಮರ್ಥ್ಯ ಗ್ರಾಮಸಭೆಗೆ ಇದೆಯೆಂದು ಅದು ಹೇಳುತ್ತದೆ. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೆಂದು ಘೋಷಿತವಾದ ಜಾಗವೇ ಇಲ್ಲದ ಕಾರಣ ಪೆಸಾ ಇಲ್ಲಿಗೆ ಬಂದಿಲ್ಲ. ಹಾಗಾಗಿ ನಮ್ಮ ಹಾಡಿಗಳ ನ್ಯಾಯಕ್ಕೆ ಜನರ ಒಪ್ಪಿಗೆಯ ಬಲವಿದೆ, ಕಾನೂನಿನ ಬಲವಿಲ್ಲ. ಇದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಮಾನ್ಯತೆ ಇಲ್ಲದಿದ್ದಾಗ ಮೇಲ್ಮನವಿಯೂ ಇರುವುದಿಲ್ಲ, ಹೆಂಗಸರನ್ನು ಕೂರಿಸಬೇಕೆಂಬ ಷರತ್ತನ್ನು ವಿಧಿಸುವವರೂ ಇರುವುದಿಲ್ಲ.

ಹೆಂಗಸಿನ ವಿಷಯದಲ್ಲಿ ಹಿರಿಯರ ತೀರ್ಪು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2014ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಲಾಭ್‌ಪುರದ ಹತ್ತಿರ, ಬೇರೆ ಸಮುದಾಯದವನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಇಪ್ಪತ್ತು ವರ್ಷದ ಸಂಥಾಲ್ ಯುವತಿಯ ಮೇಲೆ ಊರಿನ ಸಾಲಿಶಿ ಸಭೆಯ (ನ್ಯಾಯ ಪಂಚಾಯಿತಿಯ) ಅಪ್ಪಣೆಯಂತೆ ಸಾಮೂಹಿಕ ಅತ್ಯಾಚಾರ ನಡೆಯಿತು. ಸುಪ್ರೀಂ ಕೋರ್ಟ್ ಪತ್ರಿಕಾ ವರದಿಯನ್ನು ನೋಡಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು, ಸಂತ್ರಸ್ತೆಗೆ ರಾಜ್ಯ ಸರ್ಕಾರ ಮೊದಲು ಕೊಟ್ಟಿದ್ದರ ಮೇಲೆ ಇನ್ನೂ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಅದೇ ವರ್ಷ ಹದಿಮೂರು ಮಂದಿಗೆ ಇಪ್ಪತ್ತು ವರ್ಷಗಳ ಶಿಕ್ಷೆಯಾಯಿತು.

ಆದರೆ ಈ ಒಂದು ಪ್ರಕರಣವನ್ನು ಹಿಡಿದು ಹಿರಿಯರ ಕಟ್ಟೆ ಕೆಟ್ಟದ್ದು, ಕೋರ್ಟು ಒಳ್ಳೆಯದು ಎನ್ನಲು ನನಗೆ ಮನಸ್ಸಿಲ್ಲ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್‌ನಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದದ್ದು ಪೊಲೀಸ್ ಠಾಣೆಯ ಒಳಗೆ. ಮೈಮೇಲೆ ಗಾಯವಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಎಂಬ ತರ್ಕದಿಂದ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿದ್ದು ದೇಶದ ಅತ್ಯುನ್ನತ ನ್ಯಾಯಾಲಯ. ಆ ತೀರ್ಪಿನ ವಿರುದ್ಧ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರ, ಅದರ ಬೆನ್ನಿಗೆ ಎದ್ದ ಮಹಿಳಾ ಚಳವಳಿ, ಇವೆರಡರಿಂದ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇಂದು ಕಸ್ಟಡಿಯಲ್ಲಿ ನಡೆಯುವ ಅತ್ಯಾಚಾರಕ್ಕೆ ಪ್ರತ್ಯೇಕ ಕಲಮು ಇರುವುದು ಮಥುರಾ ಪ್ರಕರಣ ಎಂದು ಹೆಸರಾದ ಆ ಹುಡುಗಿಯ ಸೋಲಿನಿಂದ.

ಈಗ ನಿಮ್ಮ ಮುಂದಿರುವ ಎರಡು ಘಟನೆಗಳು. ಇವಕ್ಕೆ ಅನ್ವಯಿಸುವ ಕಾನೂನು ಬೇರೆ ಬೇರೆ.

ರೈಟರ್ ಪರಿಶಿಷ್ಟ ಜಾತಿ ಅಥವಾ ಪಂಗಡದವನಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಬುಡಕಟ್ಟು ಹೆಂಗಸನ್ನು ಅವಳ ಒಪ್ಪಿಗೆಯಿಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟುವುದೇ ಅಲ್ಲಿ ಅಪರಾಧ. ಐದು ವರ್ಷಗಳವರೆಗೆ ಶಿಕ್ಷೆ ಇರುವುದರಿಂದ ಎರಡು ವರ್ಷ ಕಳೆದಿದೆ ಎಂಬ ನೆಪ ನಿಲ್ಲುವುದಿಲ್ಲ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರು ಮಾಡಬೇಕು. ಹತ್ತು ಸಾವಿರ ರೂಪಾಯಿಯ ರಾಜಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ಗಂಡ ಅದೇ ಸಮುದಾಯದವನಾದ್ದರಿಂದ ಅವನಿಗೆ ಆ ಕಾಯ್ದೆ ತಾಗುವುದಿಲ್ಲ. ಅಲ್ಲಿ ನಿಮಗೆ ನೆರವಾಗುವುದು ಭಾರತೀಯ ನ್ಯಾಯ ಸಂಹಿತೆ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಮೂಳೆ ಮುರಿತ ಎಂದರೆ ಕಾನೂನಿನ ಭಾಷೆಯಲ್ಲಿ ತೀವ್ರ ಗಾಯ. ಕುಟುಂಬ ಕಲಹದ ದೂರಿನಲ್ಲಿ ಮೊದಲು ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ ನಿಜ, ಆದರೆ ವೈದ್ಯರ ಪತ್ರ ಎದುರಿಗಿದ್ದಾಗ ಅದನ್ನು ಮನಸ್ತಾಪ ಎಂದು ಬರೆಯುವುದು ಸುಳ್ಳು ಬರೆದಂತೆ. ಠಾಣೆಯವರು ಒಪ್ಪದಿದ್ದರೆ ದೂರನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕೌಟುಂಬಿಕ ದೌರ್ಜನ್ಯದ ಅರ್ಜಿಗೆ ಠಾಣೆಯೇ ಬೇಕಿಲ್ಲ. ನಮ್ಮಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಆ ಕಾಯ್ದೆಯ ಸಂರಕ್ಷಣಾಧಿಕಾರಿ, ಅವರ ಮೂಲಕ ಅರ್ಜಿ ಕೊಡಬಹುದು. ಓಡಿಹೋಗಿ ಕೂಡಿಕೊಂಡು ಆಮೇಲೆ ಹಿರಿಯರಿಗೆ ದಂಡ ಕಟ್ಟಿ ಆದ ಮದುವೆಯಾದರೂ ಈ ಕಾಯ್ದೆಗೆ ಅಡ್ಡಿಯಿಲ್ಲ. ಹೆಂಗಸಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ಸಾಕು.

ಉತ್ತರ 2: ಪೋಡಿನ ಮಗಳು

ಟೀಚರ್ ಅವರಿಗೆ ನಮಸ್ಕಾರ. ನಾನು ಚಾಮರಾಜನಗರ ಜಿಲ್ಲೆಯ ಒಂದು ಪೋಡಿನಲ್ಲಿ ಹುಟ್ಟಿದ ಸೋಲಿಗರ ಹುಡುಗಿ. ನೀವು ಹಾಡಿ ಎನ್ನುವುದನ್ನು ನಾವು ಪೋಡು ಎನ್ನುತ್ತೇವೆ. ವಕೀಲರು ಹೇಳಿದ್ದೆಲ್ಲ ಸರಿಯಿದೆ. ಅದನ್ನು ಓದುವಾಗ ನನ್ನ ಅಜ್ಜಿ ಇದಕ್ಕೆ ಏನನ್ನುತ್ತಿದ್ದಳೆಂದು ಯೋಚಿಸಿದೆ.

ಖಾಕಿ ಕಂಡರೆ ಕಾಡಿನೊಳಗೆ ಓಡಿ ಅವಿತುಕೊಳ್ಳುವುದು ನಮ್ಮವರಿಗೆ ಬಹಳ ಕಾಲದ ಅಭ್ಯಾಸ. ವೀರಪ್ಪನ್ ಹುಡುಕಾಟದ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರನ್ನು ಕಾರ್ಯಪಡೆಯವರು ಎಳೆದೊಯ್ದು ಏನು ಮಾಡಿದರೆಂಬುದನ್ನು ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ದಾಖಲಿಸಿದೆ; 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಗಡಿಯಾಚೆ ಧರ್ಮಪುರಿಯ ವಾಚಾತಿಯಲ್ಲಿ 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ನುಗ್ಗಿದರು. ಹದಿನೆಂಟು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಶಿಕ್ಷೆಯಾದದ್ದು 2011ರಲ್ಲಿ, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ಮೂವತ್ತೊಂದು ವರ್ಷ. ಆ ಹೆಂಗಸರು ಬಿಡದೆ ನಿಂತರು ಎಂಬುದು ನನಗೆ ಬಲ ಕೊಡುತ್ತದೆ. ಆದರೆ ಠಾಣೆಗೆ ಹೋಗು ಎಂದು ಯಾರಾದರೂ ಹೇಳಿದಾಗ ನಮ್ಮ ಹೆಂಗಸರ ಕಣ್ಣ ಮುಂದೆ ಬರುವುದೂ ಇದೇ.

ಪೋಡಿನ ನ್ಯಾಯ ಅದೇ ಸಂಜೆ ಕೂರುತ್ತದೆ. ನಮ್ಮ ನುಡಿಯಲ್ಲಿ ನಡೆಯುತ್ತದೆ. ಬಸ್ ಚಾರ್ಜ್ ಬೇಡ, ಒಂದು ದಿನದ ಕೂಲಿ ಕಳೆಯುವುದಿಲ್ಲ. ಗಂಡ ಜೈಲಿಗೆ ಹೋದರೆ ಜಾಮೀನಿಗೆ ಸಾಲ ಮಾಡಬೇಕಾದವಳು ಹೊಡೆಸಿಕೊಂಡವಳೇ ಆಗಿರುತ್ತಾಳೆ, ಆದ್ದರಿಂದ ಎಷ್ಟೋ ಹೆಂಗಸರಿಗೆ ಅವನು ಜೈಲಿಗೆ ಹೋಗುವುದು ಬೇಕಾಗಿಯೇ ಇಲ್ಲ; ಹೊಡೆಯುವುದು ನಿಂತರೆ ಸಾಕಾಗಿದೆ. ಇನ್ನೊಂದು ಭಯವೂ ಇದೆ. ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿ ಓಡಿಹೋಗಿ, ಆಮೇಲೆ ಹಿರಿಯರ ಮುಂದೆ ಬಂದು ದಂಡ ಕಟ್ಟಿ ಬಾಳುವುದು ಹಳೆಯ ಕ್ರಮ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಹುಡುಗನ ಮೇಲೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ ಬೀಳುತ್ತದೆ. ಪಕ್ಕದ ವಯನಾಡಿನಲ್ಲಿ ಪಣಿಯರ ಹುಡುಗರು ಹೀಗೆಯೇ ಜೈಲು ಕಂಡಿದ್ದಾರೆ. ಆ ಹೆದರಿಕೆಗೆ ಬಸುರಿಯಾದ ಹುಡುಗಿಯನ್ನೇ ಆಸ್ಪತ್ರೆಯಿಂದ ಬಚ್ಚಿಡುತ್ತಾರೆ. ಚಿಕ್ಕ ವಯಸ್ಸಿನ ಮದುವೆ ಬೇಕೆಂದು ನಾನು ಹೇಳುವುದಿಲ್ಲ. ಕಾನೂನು ನಮ್ಮ ಪೋಡಿಗೆ ಯಾವ ಬಾಗಿಲಿನಿಂದ ಮೊದಲು ಬಂತು ಎಂಬುದನ್ನು ಹೇಳುತ್ತಿದ್ದೇನೆ.

ಹಾಗೆಂದು ಹಿರಿಯರ ನ್ಯಾಯವನ್ನು ಹಾಗೆಯೇ ಬಿಡುವುದೂ ನನಗೆ ಒಪ್ಪಿಗೆಯಿಲ್ಲ. ನೀವು ಕಂಡ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು ಎಂದು ಬರೆದಿದ್ದೀರಿ. ನನ್ನ ಅಮ್ಮನೂ ಹಾಗೆ ನಿಂತದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ನಮ್ಮ ಪೋಡಿನಲ್ಲಿ ಇದು ಸ್ವಲ್ಪ ಬದಲಾದದ್ದು ಕಾಡಿನ ಜನರ ಜಮೀನಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಿಂದ. ಆ ಕಾಯ್ದೆಯ ನಿಯಮದಂತೆ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು, ಗ್ರಾಮಸಭೆಗೆ ಬಂದವರಲ್ಲಿಯೂ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಜಮೀನಿನ ಅರ್ಜಿಗೆ ಸಹಿ ಹಾಕಲು ಕೂತ ಹೆಂಗಸರು ಮುಂದೊಂದು ದಿನ ನ್ಯಾಯ ಸೇರಿದಾಗ ಎದ್ದು ಹೋಗಲಿಲ್ಲ, ಅಲ್ಲೇ ಕೂತರು. ಯಾರೂ ಏಳಿ ಎನ್ನಲಿಲ್ಲ. ಆಮೇಲೆ ಒಂದು ಮಾತನ್ನು ಎಲ್ಲರೂ ಒಪ್ಪಿದರು: ರಕ್ತ ಬಂದರೆ, ಮೂಳೆ ಮುರಿದರೆ, ಒಪ್ಪದ ಹೆಂಗಸನ್ನು ಮುಟ್ಟಿದರೆ ಅದು ಪೋಡಿನ ನ್ಯಾಯಕ್ಕೆ ಬರತಕ್ಕದ್ದಲ್ಲ. ಉಳಿದ ಜಗಳಗಳಲ್ಲಿ ದಂಡದ ಹಣ ಹೆಂಗಸಿನ ಕೈಗೆ ಹೋಗಬೇಕು. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಎಲ್ಲ ಸಲವೂ ನಡೆಯುವುದೂ ಇಲ್ಲ. ಟೀಚರ್, ನಿಮ್ಮ ಹಾಡಿಯಲ್ಲಿ ಅರಣ್ಯ ಹಕ್ಕು ಸಮಿತಿಯ ಹೆಂಗಸರು ಯಾರೆಂದು ಮೊದಲು ಕೇಳಿ. ಅವಳ ಜೊತೆ ಠಾಣೆಗೆ ಅವರು ಬರಲಿ. ಆಗ ಕಟ್ಟುಪಾಡು ಮುರಿದವಳು ಎಂಬ ಹೆಸರು ಒಬ್ಬಳ ತಲೆಗೆ ಬರುವುದಿಲ್ಲ.

ಉತ್ತರ 3: ಚಾಯಿಬಾಸಾದಲ್ಲಿ ಕೆಲಸ ಮಾಡಿದವನು

ಬ್ಯಾಂಕಿನ ಕೆಲಸದ ಮೇಲೆ ಜಾರ್ಖಂಡಿನ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯಲ್ಲಿ ಆರು ವರ್ಷ ಇದ್ದೆ. ಅಲ್ಲಿನ ಹೋ ಜನರಲ್ಲಿ ಮಾನ್‌ಕಿ, ಮುಂಡಾ ಎಂಬ ಹಿರಿಯರ ಆಡಳಿತ ಬ್ರಿಟಿಷರ ಕಾಲದಿಂದಲೂ ಸರ್ಕಾರದ ಮಾನ್ಯತೆಯೊಡನೆ ನಡೆದುಬಂದಿದೆ. ಅಲ್ಲಿ ನಾನು ಕಲಿತ ಒಂದು ವಿಷಯವನ್ನು ಸೇರಿಸುತ್ತೇನೆ: ಹಿಂಸೆಯ ಬೇರು ಎಷ್ಟೋ ಸಲ ಭೂಮಿಯಲ್ಲಿರುತ್ತದೆ. ವಿಧವೆಗೆ ಗಂಡನ ಹೊಲದ ಮೇಲೆ ಬದುಕಿರುವವರೆಗೆ ಹಕ್ಕು, ಅವಳ ನಂತರ ಅದು ಗಂಡನ ಕಡೆಯ ಗಂಡಸರಿಗೆ. ಅವಳನ್ನು ಮಾಟಗಾತಿ ಎಂದು ಕರೆದು ಊರು ಬಿಡಿಸಿದರೆ ಹೊಲ ಬೇಗ ಕೈಗೆ ಬರುತ್ತದೆ. ಇದಕ್ಕಾಗಿ ಬಿಹಾರದಲ್ಲಿ 1999ರಲ್ಲಿಯೇ ಪ್ರತ್ಯೇಕ ಕಾನೂನು ಬಂತು, ಜಾರ್ಖಂಡ್ ಅದನ್ನೇ ಅಳವಡಿಸಿಕೊಂಡಿತು. ಮಾಟಗಾತಿ ಎಂಬ ಹಣೆಪಟ್ಟಿ ಹೊತ್ತು ಊರಿನಿಂದ ಹೊರಬಿದ್ದ ಛುಟ್ನಿ ದೇವಿ ಮುಂದೆ ತನ್ನಂಥ ಹೆಂಗಸರಿಗೆ ಆಸರೆಯಾಗಿ ನಿಂತರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹೋ ಹೆಂಗಸರ ಭೂಮಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. 1996ರ ಮಧು ಕಿಶ್ವರ್ ಪ್ರಕರಣದಲ್ಲಿ ಕೋರ್ಟು ಕಟ್ಟಳೆಯನ್ನು ರದ್ದು ಮಾಡಲಿಲ್ಲ, ಜೀವನೋಪಾಯಕ್ಕೆ ಆ ಭೂಮಿಯನ್ನೇ ನಂಬಿದ ಹೆಂಗಸರನ್ನು ಹೊರಹಾಕುವಂತಿಲ್ಲ ಎಂದಷ್ಟೇ ಹೇಳಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಮೇಡಂ, ಆ ತಾಯಿಯ ಹೆಸರು ಅರಣ್ಯ ಹಕ್ಕುಪತ್ರದಲ್ಲಿ ಇದೆಯೇ ನೋಡಿ. ದಂಪತಿಗೆ ಕೊಡುವ ಹಕ್ಕುಪತ್ರ ಇಬ್ಬರ ಹೆಸರಿನಲ್ಲೂ ಇರಬೇಕೆಂದು 2006ರ ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ನಾಳೆ ಮನೆಯಿಂದ ಹೊರಗೆ ಹಾಕುತ್ತೇನೆ ಎಂದು ಗಂಡ ಗದರಿಸಿದರೆ ಅವಳ ಕೈಯಲ್ಲಿ ಇರಬೇಕಾದ ಕಾಗದ ಅದು.

ಉತ್ತರ 4: ಟೂಸಾನ್ ಕನ್ನಡಿಗ

ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ. ಊರಿಗೆ ತಾಗಿಕೊಂಡೇ ಪಾಸ್ಕುವಾ ಯಾಕಿ ಬುಡಕಟ್ಟಿನ ನೆಲವಿದೆ, ಅವರದೇ ನ್ಯಾಯಾಲಯವಿದೆ. ನಿಮ್ಮ ರೈಟರ್ ಪ್ರಸಂಗ ಓದಿದಾಗ ಇಲ್ಲಿನ ಇತಿಹಾಸ ನೆನಪಾಯಿತು.

1978ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ಬುಡಕಟ್ಟಿನ ನ್ಯಾಯಾಲಯಗಳು ಹೊರಗಿನವರ ಮೇಲೆ ಕ್ರಿಮಿನಲ್ ವಿಚಾರಣೆ ನಡೆಸುವಂತಿಲ್ಲ ಎಂದಿತು. ಒಳಗಿನವರಿಗೆ ಅಧಿಕಾರವಿಲ್ಲ, ದೂರದ ಫೆಡರಲ್ ವಕೀಲರಿಗೆ ಆಸಕ್ತಿಯಿಲ್ಲ ಎಂಬಂತಾಯಿತು. ಬುಡಕಟ್ಟು ನೆಲದ ಲೈಂಗಿಕ ದೌರ್ಜನ್ಯ ಪ್ರಕರಣಗಳಲ್ಲಿ 100ಕ್ಕೆ 67ನ್ನು 2005ರಿಂದ 2009ರ ಅವಧಿಯಲ್ಲಿ ಅವರು ನಡೆಸಲು ನಿರಾಕರಿಸಿದ್ದರೆಂದು ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು. ಬುಡಕಟ್ಟು ಹೆಂಗಸರು ದಶಕಗಳ ಕಾಲ ಹೋರಾಡಿದ ಮೇಲೆ 2013ರ ಕಾನೂನು ಮನೆಯೊಳಗಿನ ಹಿಂಸೆಗೆ ಸೀಮಿತವಾಗಿ ಆ ಅಧಿಕಾರವನ್ನು ಮರಳಿಸಿತು. 2014ರಲ್ಲಿ ಮೊದಲು ಅದನ್ನು ಪಡೆದ ಮೂರು ಬುಡಕಟ್ಟುಗಳಲ್ಲಿ ಪಾಸ್ಕುವಾ ಯಾಕಿ ಒಂದು. 2022ರಲ್ಲಿ ಲೈಂಗಿಕ ದೌರ್ಜನ್ಯವನ್ನೂ ಸೇರಿಸಿದರು. ಆರೋಪಿಗೆ ವಕೀಲರಿರಬೇಕು, ಕಾನೂನು ಓದಿದ ನ್ಯಾಯಾಧೀಶರಿರಬೇಕು ಎಂಬ ಷರತ್ತುಗಳ ಮೇಲೆ ಕೊಟ್ಟ ಅಧಿಕಾರ ಅದು.

ಈಕ್ವೆಡಾರ್ ದೇಶದಲ್ಲಿ ಷರತ್ತನ್ನು ಹೆಂಗಸರೇ ಹಾಕಿಸಿದರು. ಅಲ್ಲಿನ 2008ರ ಸಂವಿಧಾನದ 171ನೇ ವಿಧಿ ಮೂಲನಿವಾಸಿಗಳ ನ್ಯಾಯವನ್ನು ಮಾನ್ಯ ಮಾಡುವ ವಾಕ್ಯದಲ್ಲಿಯೇ, ಹೆಂಗಸರ ಭಾಗವಹಿಸುವಿಕೆ ಮತ್ತು ತೀರ್ಮಾನದ ಹಕ್ಕನ್ನು ಖಾತರಿಪಡಿಸಬೇಕು ಎಂದು ಹೇಳುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಹೆಂಗಸರು ಸಂವಿಧಾನ ಸಭೆಯ ಬಾಗಿಲಿಗೆ ಹೋಗಿ ಒತ್ತಾಯಿಸಿದ್ದರಿಂದ ಆ ಮಾತು ಬಂತು. ಪೋಡಿನ ಮಗಳು ಹೇಳಿದ್ದೂ ಅದನ್ನೇ ಎಂದು ನನಗೆ ತೋರುತ್ತದೆ.

ಕಾಡಂಚಿನ ಶಿಕ್ಷಕಿ ಮತ್ತೆ ಬರೆದದ್ದು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹಾಡಿಗೆ ಹೋಗಿ ಅವಳ ಜೊತೆ ಕೂತು, ನಿನಗೆ ಏನು ಬೇಕು ಎಂದು ಕೇಳಿದೆ. ಮೊದಲು ನಾನೂ ಅದನ್ನು ಕೇಳಿರಲಿಲ್ಲ ಎಂಬುದು ಈಗ ಅರಿವಾಯಿತು. ಕೈ ನೋಡಿದವಳೇ ಬಸ್ಸು ಹತ್ತಿಸಿದ್ದೆ. ಗಂಡ ಕುಡಿದ ದಿನ ಮನೆಯೊಳಗೆ ಬರಬಾರದು, ರೇಷನ್ ಕಾರ್ಡು ತನ್ನ ಹತ್ತಿರ ಇರಬೇಕು, ಮತ್ತೆ ಕೈ ಎತ್ತಿದರೆ ಅವನನ್ನು ಕರೆದೊಯ್ಯಲಿ ಎಂದಳು. ರೈಟರ್ ವಿಷಯಕ್ಕೆ ಬಹಳ ಹೊತ್ತು ಸುಮ್ಮನಿದ್ದು, ಅದನ್ನು ಬಿಡುವುದಿಲ್ಲ, ಅವನು ಈಗಲೂ ಅಲ್ಲೇ ಇದ್ದಾನೆ, ಬೇರೆ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುತ್ತಾರೆ ಎಂದಳು. ಹಾಡಿಯ ಅರಣ್ಯ ಹಕ್ಕು ಸಮಿತಿಯಲ್ಲಿ ನಾಲ್ವರು ಹೆಂಗಸರಿದ್ದಾರೆ. ಇಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಯಜಮಾನರು ಸಿಟ್ಟಾಗಲಿಲ್ಲ, ಆದರೆ ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ. ಮುಂದಿನ ವಾರ ಹೊರಡುತ್ತೇವೆ. ಏನೇನು ಕಾಗದ ತರಬೇಕು?

ಮೈಸೂರಿನ ವಕೀಲ

ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಠಾಣೆಯವರು ಕೊಟ್ಟ ಹಿಂಬರಹ, ಜಾತಿ ಪ್ರಮಾಣಪತ್ರ ಇಷ್ಟನ್ನು ತನ್ನಿ. ಮೊದಲು ಸಿಡಿಪಿಓ ಕಚೇರಿಗೆ ಹೋಗೋಣ. ಅವಳು ಕೇಳಿದ ಮೂರರಲ್ಲಿ ಮನೆಯೊಳಗೆ ಬರಬಾರದೆಂಬ ಆದೇಶವನ್ನು ಮ್ಯಾಜಿಸ್ಟ್ರೇಟರೇ ಕೊಡಬಲ್ಲರು, ಅದನ್ನು ಮುರಿದರೆ ಒಂದು ವರ್ಷದವರೆಗೆ ಸೆರೆಮನೆ ಇದೆ. ರೈಟರ್ ಮೇಲಿನ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು ಕೇಳಿ. ಬರೆದದ್ದನ್ನು ಅವಳ ನುಡಿಯಲ್ಲಿ ಓದಿ ಹೇಳಿದ ಮೇಲಷ್ಟೇ ಹೆಬ್ಬೆಟ್ಟು ಒತ್ತಿಸಿ, ಪ್ರತಿಯನ್ನು ಉಚಿತವಾಗಿ ಪಡೆದುಕೊಳ್ಳಿ.

ಯಜಮಾನರು ಬರುವುದಾದರೆ ಅವರನ್ನೂ ಕರೆತನ್ನಿ. ಹೊಡೆದದ್ದು ಹೌದೆಂದು ಗಂಡ ಒಪ್ಪಿಕೊಂಡದ್ದು, ರೈಟರ್ ಹತ್ತು ಸಾವಿರ ರೂಪಾಯಿ ಇಟ್ಟದ್ದು ಅವರ ಎದುರಿಗೇ. ನ್ಯಾಯಾಲಯದಲ್ಲಿ ಇವೆರಡಕ್ಕೂ ಸಾಕ್ಷಿ ಹೇಳಬಲ್ಲವರು ಅವರು.